ಹಿಂಬರಹವೇ ಕೊನೆಯ ಮಾತಲ್ಲ

ಸರಕಾರಿ ಕಚೇರಿಯು ಅರ್ಜಿಯನ್ನು ತಳ್ಳಿಹಾಕಿದಾಗ ಕೊಡುವ ಕಾಗದಕ್ಕೆ ಹಿಂಬರಹವೆಂದು ಹೆಸರು. ಎರಡು ಸಾಲಿನ ಬರಹ, ಕೆಳಗೊಂದು ಸಹಿ, ಪಕ್ಕದಲ್ಲೊಂದು ಮೊಹರು. ಬಡವನು ಅದನ್ನು ಮಡಚಿ ರೇಷನ್ ಕಾರ್ಡಿನೊಳಗೆ ಇಟ್ಟುಕೊಂಡು ಮನೆಗೆ ಹೋಗುತ್ತಾನೆ. ಮತ್ತೆ ಆ ಕಚೇರಿಯ ಮೆಟ್ಟಲನ್ನು ತುಳಿಯುವುದಿಲ್ಲ. ‘ಇಲ್ಲವೆಂದರು, ಮುಗಿಯಿತು’ ಎಂಬುದು ನಮ್ಮ ಜನರ ತಿಳುವಳಿಕೆ. ಅಧಿಕಾರದಲ್ಲಿರುವವರಿಗೂ ಈ ತಿಳುವಳಿಕೆ ಬಹಳ ಅನುಕೂಲವಾದುದು. ಆದರೆ ಕಾನೂನಿನಲ್ಲಿ ಹಾಗೆ ಬರೆದಿಲ್ಲ. ಹಿಂಬರಹ ಕೈಗೆ ಬಂದ ದಿನದಿಂದ ಮೇಲ್ಮನವಿಯ ದಿನಗಳು ಎಣಿಕೆಯಾಗತೊಡಗುತ್ತವೆ ಎಂಬುದನ್ನು ನಮ್ಮ ಕೂಲಿಗಾರ ಬಾಂಧವರಿಗೂ ಸಣ್ಣ ವ್ಯಾಪಾರಿಗಳಿಗೂ ತಿಳಿಸುವುದು ಈ ವಾರದ ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ನಾವು ಇಲ್ಲಿ ಎತ್ತಿಕೊಂಡಿರುವುದು ಎಲ್ಲ ಅರ್ಜಿಗಳ ಮಾತನ್ನಲ್ಲ. ನಡೆಯಲಾರದ, ತಾನಾಗಿ ಉಣ್ಣಲಾರದ, ಹಸಿವನ್ನೂ ನೋವನ್ನೂ ಬಾಯಿಬಿಟ್ಟು ಹೇಳಲಾರದ ಮಗುವನ್ನು ಮನೆಯಲ್ಲಿಯೇ ಇಟ್ಟುಕೊಂಡು ಸಾಕುತ್ತಿರುವ ತಾಯ್ತಂದೆಗಳ ಅರ್ಜಿಯ ಮಾತು. ಅತ್ತರೆ ಮಾತ್ರ ಹಾಲು ಸಿಗುವುದೆಂಬ ಗಾದೆಯಿದೆ. ಅಳಲೂ ಬಾರದ ಮಗುವಿನ ಪರವಾಗಿ ಅಳುವವರು ಯಾರು? ಅದರ ತಾಯಿ. ಆ ತಾಯಿಯ ಬಾಯಿಯನ್ನು ಎರಡು ಸಾಲಿನ ಹಿಂಬರಹವು ಮುಚ್ಚಿಸಿದರೆ ಮತ್ತೆ ಯಾರು? ನಾವು, ನೀವು.

ಕಬಕದ ಕವಲಿನಲ್ಲಿ ನಿಂತು ನೋಡಿರಿ. ಒಂದು ದಾರಿ ವಿಟ್ಲದ ಮೇಲಿಂದ ಕಾಸರಗೋಡಿನ ಗಡಿಗೆ ಹೋಗುತ್ತದೆ. ಇನ್ನೊಂದು ಪುತ್ತೂರು ಪೇಟೆಯನ್ನು ಹಾದು ಸುಳ್ಯ, ಕಡಬಗಳ ಕಡೆಗೆ ಸಾಗುತ್ತದೆ. ಎರಡು ದಾರಿಗಳ ತುದಿಯಲ್ಲಿಯೂ ಗೇರುತೋಟಗಳಿವೆ. ಗಡಿಯ ಆಚೆ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ನು, ಈಚೆ ಕರ್ನಾಟಕದ ಗೇರು ಅಭಿವೃದ್ಧಿ ನಿಗಮವು, ಗೇರಿನ ಚಿಗುರು ಹೀರುವ ಟೀ ಸೊಳ್ಳೆಯನ್ನು ಕೊಲ್ಲುವುದಕ್ಕೆಂದು 2000ನೇ ಇಸವಿಯ ವರೆಗೆ ವರ್ಷಾನುಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿದವು. ತೋಟ ಸರಕಾರದ್ದು, ವಿಷವನ್ನು ಸುರಿಸಿದ ನಿಗಮವೂ ಸರಕಾರದ್ದು. ಕೆಳಗಿದ್ದ ಬಾವಿ, ಕೆರೆ, ತೋಡು, ಅಂಗಳ ಮಾತ್ರ ಜನರದ್ದು. ಎಣ್ಮಕಜೆಯ ಪಡ್ರೆಯಲ್ಲಿ ಡಾಕ್ಟರ್ ವೈ. ಎಸ್. ಮೋಹನ ಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳನ್ನು ಕಂಡು ಇದೇನೆಂದು ಕೇಳಿದರು. ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಬರೆದು ನಾಡಿಗೆ ತಿಳಿಸಿದರು. ಈಚೆ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಮನೆಗಳ ಕಥೆ ಹೊರಬಿದ್ದುದು ಅದರ ನಂತರ. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಈ ವಿಷವನ್ನು ನಿಷೇಧಿಸಿತು.

ವಿಷ ನಿಂತಿತು. ಆದರೆ ಹುಟ್ಟಿದ ಮಕ್ಕಳು ಬೆಳೆಯುವುದು ನಿಲ್ಲುತ್ತದೆಯೇ? ಅಂದಿನ ಮಕ್ಕಳಲ್ಲಿ ಅನೇಕರಿಗೆ ಇಂದು ಮೂವತ್ತು ದಾಟಿದೆ. ದೇಹ ದೊಡ್ಡವರದ್ದು, ಆರೈಕೆ ಹಸುಗೂಸಿನದ್ದು. ಎತ್ತುವ ತಾಯಿಗೆ ಅರುವತ್ತಾಗಿದೆ. ಎಂಡೋಸಲ್ಫಾನಿನ ಹೆಸರೇ ಕೇಳದ ಊರುಗಳಲ್ಲಿಯೂ, ಹೆರಿಗೆಯ ಹೊತ್ತಿಗೆ ಉಸಿರು ಕಟ್ಟಿಯೋ ಎಳವೆಯ ಮೆದುಳು ಜ್ವರದಿಂದಲೋ ಇನ್ನಾವುದೋ ಕಾರಣದಿಂದಲೋ ಇಂಥದೇ ಸ್ಥಿತಿಗೆ ಬಂದ ಮಕ್ಕಳಿದ್ದಾರೆ. ಕಾರಣ ಯಾವುದೇ ಇರಲಿ, ಮನೆಯೊಳಗಿನ ದುಡಿಮೆ ಒಂದೇ.

ಈ ದುಡಿಮೆ ಎಂಬ ಶಬ್ದವನ್ನು ನಾವು ತಿಳಿದೇ ಉಪಯೋಗಿಸುತ್ತಿದ್ದೇವೆ. ನಮ್ಮ ತಾಲೂಕುಗಳ ಹೆಂಗಸರು ಬೀಡಿ ಕಟ್ಟುವವರು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರೆ ಸಂಜೆಗೆ ಎಷ್ಟು ಕಟ್ಟಾಯಿತೆಂಬ ಲೆಕ್ಕವು ಬ್ರಾಂಚಿನ ಪುಸ್ತಕದಲ್ಲಿ ಬೀಳುತ್ತದೆ. ಅಂಥ ಮಗುವಿರುವ ಮನೆಯಲ್ಲಿ ಆ ಲೆಕ್ಕವು ಅರ್ಧಕ್ಕೆ ಇಳಿಯುತ್ತದೆ. ಹತ್ತು ಬೀಡಿ ಕಟ್ಟುವಷ್ಟರಲ್ಲಿ ಮಗುವಿನ ಜೊಲ್ಲು ಒರೆಸಬೇಕು, ಮಗ್ಗುಲು ಬದಲಿಸಬೇಕು, ಗಂಜಿ ನೆತ್ತಿಗೇರದಂತೆ ತಲೆ ಎತ್ತಿ ಹಿಡಿದು ಕುಡಿಸಬೇಕು. ರಾತ್ರಿ ಫಿಟ್ಸ್ ಬಂದರೆ ಬೆಳಗಿನ ವರೆಗೆ ನಿದ್ದೆಯಿಲ್ಲ. ಗಂಡನು ಗೇರುಬೀಜದ ಕಾರ್ಖಾನೆಯಲ್ಲಿಯೋ ಅಕ್ಕಿಮಿಲ್ಲಿನಲ್ಲಿಯೋ ಇದ್ದರೆ ತಿಂಗಳಿಗೆರಡು ಸಲ ಆಸ್ಪತ್ರೆಗೆ ರಜೆ ಹಾಕಬೇಕು, ರಜೆಗೆ ಕೂಲಿಯಿಲ್ಲ. ಗೂಡಂಗಡಿಯವನಾದರೆ ಅಂದು ಬಾಗಿಲು ಹಾಕಬೇಕು. ಇದೇ ಕೆಲಸವನ್ನು ಆಸ್ಪತ್ರೆಯಲ್ಲಿ ದಾದಿಯು ಮಾಡಿದರೆ ಸಂಬಳ ಕೊಡುತ್ತಾರೆ, ಮೂರು ಪಾಳಿಯಲ್ಲಿ ಮೂವರನ್ನು ನೇಮಿಸುತ್ತಾರೆ. ಮನೆಯಲ್ಲಿ ಮೂರು ಪಾಳಿಗೂ ಒಬ್ಬಳೇ. ಅವಳಿಗೆ ಕೊಡುವ ಸಂಬಳಕ್ಕೆ ‘ತಾಯಿಯ ಮಮತೆ’ ಎಂದು ಹೆಸರಿಟ್ಟು ಸಮಾಜವು ಕೈತೊಳೆದುಕೊಂಡಿದೆ. ಮಮತೆಗೆ ಬೆಲೆ ಕಟ್ಟಬೇಕೆಂದು ನಾವು ಹೇಳುವುದಿಲ್ಲ. ದುಡಿಮೆಗೆ ಬೆಲೆ ಕಟ್ಟಬೇಕೆನ್ನುತ್ತೇವೆ.

ಈ ಮಾತನ್ನು ಕಾನೂನೇ ಒಪ್ಪಿದೆ. ಪಾರ್ಲಿಮೆಂಟು 2016ರಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವನ್ನು ಮಾಡಿತು. ಅದರ 24ನೆಯ ಕಲಮು ಸರಕಾರಗಳು ಹಾಕಿಕೊಳ್ಳಬೇಕಾದ ಯೋಜನೆಗಳನ್ನು ಒಂದೊಂದಾಗಿ ಹೇಳುತ್ತದೆ. ಅದರಲ್ಲಿ ಅಂಗವಿಕಲರ ಮಾಸಾಶನವಿದೆ. ಅದರ ಜತೆಗೆ, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಎಂಬುದು ಬೇರೆಯಾಗಿಯೇ ಇದೆ. ಮಾಸಾಶನದ ಮಾತು ಬಂದಲ್ಲಿ, ಸರಕಾರವು ಗೊತ್ತುಮಾಡಿದ ವರಮಾನದ ಮಿತಿಗೆ ಒಳಪಟ್ಟು ಎಂಬ ಷರತ್ತನ್ನು ಕಾನೂನು ಸೇರಿಸಿದೆ. ಆರೈಕೆಯ ಭತ್ಯೆಯ ಮಾತು ಬಂದಲ್ಲಿ ಆ ಷರತ್ತನ್ನು ಸೇರಿಸಿಲ್ಲ. ಇದು ಮಿಲ್ಲಿನ ಕೂಲಿಗಾರನೂ ಅಂಗಡಿಕಾರನೂ ನೆನಪಿಡಬೇಕಾದ ವಿಷಯ. ಸಂಬಳದ ಚೀಟಿಯಿದೆ, ಅಂಗಡಿಯ ಲೈಸೆನ್ಸಿದೆ ಎಂಬ ಒಂದೇ ಕಾರಣಕ್ಕೆ ಆರೈಕೆಯ ಭತ್ಯೆಯಿಂದ ಹೊರಗಿಡಬೇಕೆಂದು ಪಾರ್ಲಿಮೆಂಟು ಹೇಳಿಲ್ಲ.

ಸರಕಾರವು ‘ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ’ ಇವನ್ನೆಲ್ಲ ಮಾಡತಕ್ಕದ್ದು ಎಂಬ ಮಾತೂ ಅದೇ ಕಲಮಿನಲ್ಲಿದೆ. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತಿದೆ: ಇತರರಿಗೆ ಇರುವ ಇಂಥದೇ ಯೋಜನೆಯಲ್ಲಿ ಎಷ್ಟು ಕೊಡುತ್ತಾರೋ ಅದಕ್ಕಿಂತ ನೂರಕ್ಕೆ ಇಪ್ಪತ್ತೈದಾದರೂ ಹೆಚ್ಚು ಅಂಗವಿಕಲರಿಗೆ ಸಲ್ಲಬೇಕು. ಇದನ್ನು ನಮ್ಮ ರಾಜ್ಯದ ಲೆಕ್ಕಕ್ಕೆ ಹಚ್ಚಿ ನೋಡೋಣ. 2021ರ ಜುಲೈಯಲ್ಲಿ ಬಸವರಾಜ ಬೊಮ್ಮಾಯಿಯವರು ಮುಖ್ಯಮಂತ್ರಿಯಾದ ದಿನವೇ ಮಾಸಾಶನಗಳನ್ನು ಏರಿಸಿದರು. ಸಂಧ್ಯಾ ಸುರಕ್ಷೆ 1,000ದಿಂದ 1,200 ರೂಪಾಯಿಗೆ ಏರಿತು, ವಿಧವಾ ವೇತನ 600ರಿಂದ 800ಕ್ಕೆ, ನೂರಕ್ಕೆ 40ರಿಂದ 75ರ ವರೆಗಿನ ಅಂಗವಿಕಲತೆಯವರಿಗೆ 600ರಿಂದ 800ಕ್ಕೆ. ಏರಿಸಿದ್ದು ಒಳ್ಳೆಯದೇ. ಆದರೆ 800ರ ಮೇಲೆ ನೂರಕ್ಕೆ ಇಪ್ಪತ್ತೈದೆಂದರೆ 1,000. 1,200ರ ಮೇಲೆ ಎಂದರೆ 1,500. ಯಾವ ಲೆಕ್ಕದಿಂದ ನೋಡಿದರೂ 800 ಕಡಿಮೆಯೇ. ಕಾನೂನು ಬಂದು ಐದು ವರ್ಷವಾಗುತ್ತ ಬಂದ ಮೇಲೂ, ಒಂದೇ ದಿನ ಒಂದೇ ಲೇಖಣಿಯಿಂದ ಬರೆದ ಮೂರು ಅಂಕೆಗಳಲ್ಲಿ ಕಾನೂನು ಕಾಣಿಸಲಿಲ್ಲ. ಅಂಕಗಣಿತದ ಈ ತಪ್ಪನ್ನು ಐದನೆಯ ತರಗತಿಯ ಹುಡುಗನೂ ಹಿಡಿದಾನು.

ಆರೈಕೆಯ ಭತ್ಯೆಯ ವಿಷಯಕ್ಕೆ ಬರೋಣ. ಸಿದ್ದರಾಮಯ್ಯನವರು 2024ರ ಫೆಬ್ರವರಿಯಲ್ಲಿ ಮಂಡಿಸಿದ 2024–25ರ ಮುಂಗಡಪತ್ರದಲ್ಲಿ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಎಂದು ಘೋಷಿಸಿದರು. ಇದನ್ನು ನಾವು ಸ್ವಾಗತಿಸುತ್ತೇವೆ. ತಿಂಗಳಿಗೆ ಸಾವಿರವೆಂದರೆ ರಾತ್ರಿ ಹಗಲಿನ ಆರೈಕೆಗೆ ಗಂಟೆಗೆ ಒಂದು ರೂಪಾಯಿ ನಾಲ್ವತ್ತು ಪೈಸೆಯೂ ಬೀಳುವುದಿಲ್ಲ. ಆದರೂ ತಾಯಿಯ ದುಡಿಮೆ ದುಡಿಮೆಯೇ ಎಂದು ಮುಂಗಡಪತ್ರವು ಒಪ್ಪಿತಲ್ಲ, ಅದು ದೊಡ್ಡದು. ಆದರೆ ಘೋಷಣೆಯಲ್ಲಿ ನಾಲ್ಕು ಕಾಯಿಲೆಗಳ ಹೆಸರನ್ನು ಹೇಳಿದರು: ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್. ಇಲ್ಲಿಯೇ ಕಂಟಕವಿರುವುದು. ಕಾನೂನು ಕೇಳುವುದು ‘ಈ ಮಗುವಿಗೆ ಎಷ್ಟು ಆಸರೆ ಬೇಕು?’ ಎಂದು. ಘೋಷಣೆ ಕೇಳುವುದು ‘ಈ ಮಗುವಿನ ಕಾಯಿಲೆಯ ಹೆಸರೇನು?’ ಎಂದು. ಬುದ್ಧಿಯ ಬೆಳವಣಿಗೆ ನಿಂತು, ದಿನಕ್ಕೆ ನಾಲ್ಕು ಸಲ ಫಿಟ್ಸ್ ಬಂದು ಬೀಳುವ ಮಗುವಿಗೆ ನಾಲ್ಕು ಹೆಸರುಗಳಲ್ಲಿ ಒಂದೂ ಇಲ್ಲದೆ ಹೋಗಬಹುದು. ಅದರ ಆರೈಕೆ ಮಾತ್ರ ನಾಲ್ಕರಲ್ಲಿ ಯಾವುದಕ್ಕೂ ಕಡಿಮೆಯಿಲ್ಲ.

ಇಂಥ ಒಂದು ಮನೆಯ ಕಾಗದಗಳು ನಮ್ಮ ಮುಂದಿವೆ. ಮನೆ ಕಬಕದ ಆಸುಪಾಸಿನದು. ಹೆಸರು ಹೇಳುವುದು ಉಚಿತವಲ್ಲ. ತಂದೆ ಅಕ್ಕಿಮಿಲ್ಲಿನಲ್ಲಿ ಮೂಟೆ ಹೊರುವವನು, ತಾಯಿ ಬೀಡಿ ಕಟ್ಟುವವಳು, ಹುಡುಗನಿಗೆ ಹನ್ನೊಂದು ವರ್ಷ. ಮಾತಿಲ್ಲ, ನಡೆಯಿಲ್ಲ. ಪ್ರಮಾಣಪತ್ರದಲ್ಲಿ ನೂರಕ್ಕೆ ಎಪ್ಪತ್ತು ಎಂದು ಬರೆದಿದೆ. ನೂರಕ್ಕೆ 75 ಆಗಿದ್ದರೆ ಮಾಸಾಶನ 1,400 ರೂಪಾಯಿಯಾಗುತ್ತಿತ್ತು. ಐದು ಅಂಕಗಳು ಕಡಿಮೆಯಾದುದರಿಂದ 800. ಆರೈಕೆಯ ಭತ್ಯೆಗೆ ಅರ್ಜಿ ಹಾಕಿದರೆ ‘ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಹಿಂಬರಹ. ಏಕೆ ಬರುವುದಿಲ್ಲ, ಯಾವ ಆದೇಶದ ಯಾವ ಸಾಲಿನ ಪ್ರಕಾರ, ಯಾರಲ್ಲಿ ಮೇಲ್ಮನವಿ ಮಾಡಬೇಕು — ಒಂದೂ ಇಲ್ಲ. ಆ ತಾಯಿ ನಮ್ಮೊಡನೆ ಕೇಳಿದ್ದು ಒಂದೇ ಪ್ರಶ್ನೆ: ‘ಮಾಷ್ಟ್ರೇ, ಈ ಎಪ್ಪತ್ತು ಅಂದರೆ ಏನು? ಉಳಿದ ಮೂವತ್ತರಲ್ಲಿ ಇವ ಏನು ಮಾಡಬಲ್ಲ ಅಂತ ಅವರು ಬರೆದದ್ದು?’ ನಮಗೆ ಉತ್ತರ ತಿಳಿಯಲಿಲ್ಲ. ಮರುಪರೀಕ್ಷೆಗೂ ಭತ್ಯೆಗೂ ಮೇಲ್ಮನವಿಗಳನ್ನು ಬರೆದು ಕೊಟ್ಟಾಗಿದೆ. ತೀರ್ಮಾನ ಇನ್ನೂ ಬಂದಿಲ್ಲ.

ಪಟ್ಟಿ ಮುಖ್ಯವೋ ಮಗು ಮುಖ್ಯವೋ ಎಂಬ ಈ ಜಗಳವು ನಮ್ಮ ಊರಿನಲ್ಲಿ ಮಾತ್ರ ಎದ್ದುದಲ್ಲ. ಬಂಡವಾಳಶಾಹಿಯ ತವರಾದ ಅಮೆರಿಕದಲ್ಲಿಯೂ ಎದ್ದಿತ್ತು. ಅಲ್ಲಿ ಬಡ ಅಂಗವಿಕಲರಿಗೆ ಸರಕಾರದ ಸಹಾಯಧನವಿದೆ. ದೊಡ್ಡವರ ಕಾಯಿಲೆ ಸರಕಾರದ ಪಟ್ಟಿಯಲ್ಲಿ ಇಲ್ಲದಿದ್ದರೂ, ಅವರಿಂದ ಕೆಲಸ ಮಾಡಲಾಗುತ್ತದೆಯೇ ಎಂದು ಒಬ್ಬೊಬ್ಬರನ್ನಾಗಿ ಪರೀಕ್ಷಿಸುತ್ತಿದ್ದರು. ಮಕ್ಕಳಿಗೆ ಮಾತ್ರ ಪಟ್ಟಿಯೇ ಕೊನೆ. ಪಟ್ಟಿಯಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಫಿಲಡೆಲ್ಫಿಯಾ ನಗರದಲ್ಲಿ ಬಡವರಿಗೆ ಕಾನೂನು ನೆರವು ಕೊಡುವ ವಕೀಲರು 1983ರಲ್ಲಿ ಇದರ ಮೇಲೆ ದಾವೆ ಹೂಡಿದರು. ಅದು ಏಳು ವರ್ಷ ನಡೆಯಿತು. 1990ರ ಫೆಬ್ರವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ನೋಡಲೇಬೇಕು, ಪಟ್ಟಿಯನ್ನು ಮಾತ್ರ ನೋಡಿ ತಳ್ಳುವುದು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಹಿಂದೆ ತಳ್ಳಿಹಾಕಿದ್ದ ಲಕ್ಷಾಂತರ ಮಕ್ಕಳ ಅರ್ಜಿಗಳನ್ನು ಮತ್ತೆ ತೆಗೆದು ನೋಡಬೇಕಾಯಿತು. 1996ರಲ್ಲಿ ಅಲ್ಲಿನ ಆಳುವವರು ಹೊಸ ಕಾಯಿದೆ ಮಾಡಿ ಬಾಗಿಲನ್ನು ಮತ್ತೆ ಕಿರಿದು ಮಾಡಿದರೆಂಬುದನ್ನೂ ಹೇಳಬೇಕು. ಗೆದ್ದುದನ್ನು ಕಾಯದಿದ್ದರೆ ಕಳೆದುಕೊಳ್ಳುತ್ತೇವೆಂಬುದು ಅದರ ಪಾಠ.

ಇಂಗ್ಲೆಂಡಿನ ಇನ್ನೊಂದು ಸಂಗತಿ. ಅಲ್ಲಿ ಅಂಗವಿಕಲ ಮಗುವಿನ ಆರೈಕೆಗೆ ಕೊಡುವ ಭತ್ಯೆಯನ್ನು ಮಗು ಆಸ್ಪತ್ರೆ ಸೇರಿ 84 ದಿನ ಕಳೆದರೆ ನಿಲ್ಲಿಸುವ ನಿಯಮವಿತ್ತು. ಆಸ್ಪತ್ರೆಯೇ ನೋಡಿಕೊಳ್ಳುತ್ತದಲ್ಲ, ತಾಯ್ತಂದೆಗಳಿಗೇನು ಖರ್ಚು ಎಂಬುದು ಅಧಿಕಾರಿಗಳ ವಾದ. ಒಂದು ಕುಟುಂಬವು ಇದನ್ನು ಪ್ರಶ್ನಿಸಿತು. ಆಸ್ಪತ್ರೆಯಲ್ಲಿಯೂ ಹಗಲಿರುಳು ಮಗುವಿನ ಹಾಸಿಗೆಯ ಬಳಿ ಇದ್ದು ಆರೈಕೆ ಮಾಡುವವರು ತಾವೇ ಎಂದು ತೋರಿಸಿಕೊಟ್ಟಿತು. ಮಗು ಐದನೆಯ ವಯಸ್ಸಿನಲ್ಲಿ ತೀರಿಕೊಂಡಿತು. ತಂದೆ ಮೇಲ್ಮನವಿಯನ್ನು ಕೈಬಿಡಲಿಲ್ಲ. 2015ರ ಜುಲೈಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ತಂದೆಯ ಪರವಾಗಿ ತೀರ್ಪು ಕೊಟ್ಟಿತು, ಮರುವರ್ಷ ನಿಯಮವೇ ಬದಲಾಯಿತು. ತನ್ನ ಮಗುವಿಗೆ ಇನ್ನು ದೊರೆಯಲಾರದ್ದನ್ನು ಆ ತಂದೆ ಇತರರ ಮಕ್ಕಳಿಗೆ ದೊರಕಿಸಿಕೊಟ್ಟನು.

ಹಾಗಾದರೆ ನಮ್ಮವರು ಮಾಡಬೇಕಾದುದೇನು? ಒಂದೊಂದಾಗಿ ಹೇಳುತ್ತೇವೆ. ತಿಳಿದವರು ಓದಲು ಬಾರದವರಿಗೆ ಓದಿ ಹೇಳಿರಿ.

ಮೊದಲನೆಯದು, ಬಾಯಿಮಾತಿನ ‘ಇಲ್ಲ’ವನ್ನು ಒಪ್ಪಬೇಡಿ. ‘ನಿಮಗೆ ಆಗುವುದಿಲ್ಲ, ಅರ್ಜಿಯೇ ಕೊಡಬೇಡಿ’ ಎಂದು ಕಿಟಕಿಯ ಬಳಿಯೇ ತಿರುಗಿಸಿ ಕಳುಹಿಸುವುದುಂಟು. ಅರ್ಜಿ ಕೊಡಿರಿ, ಸ್ವೀಕೃತಿ ಪಡೆಯಿರಿ. ಅಂಗವಿಕಲರ ಮಾಸಾಶನವು 2011ರ ಸಕಾಲ ಕಾಯಿದೆಯ ಪಟ್ಟಿಯಲ್ಲಿರುವ ಸೇವೆ. ಆದುದರಿಂದ ನಾಡಕಚೇರಿಯಲ್ಲಿ ಅರ್ಜಿಗೆ ಸಕಾಲದ ಸಂಖ್ಯೆ ಕೊಡಲೇಬೇಕು. ಆ ಸಂಖ್ಯೆಯಿದ್ದರೆ ಅರ್ಜಿ ಯಾರ ಮೇಜಿನ ಮೇಲೆ ಮಲಗಿದೆಯೆಂದು ತಿಳಿಯಬಹುದು. ಗೊತ್ತಾದ ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯ ವರೆಗೆ ಪರಿಹಾರ ಕೇಳಬಹುದು. ಹಣ ಸಣ್ಣದು, ಆದರೆ ತಡಮಾಡಿದ ಅಧಿಕಾರಿಯ ಕಿಸೆಯಿಂದ ಹೋಗುವಂಥದು.

ಎರಡನೆಯದು, ಹಿಂಬರಹದ ಮೇಲಿನ ತಾರೀಕನ್ನು ನೋಡಿರಿ, ನಿಮ್ಮ ಕೈಗೆ ಬಂದ ತಾರೀಕನ್ನೂ ಬರೆದಿಡಿರಿ. ಸಕಾಲದಡಿ ಅರ್ಜಿ ತಿರಸ್ಕಾರವಾದರೆ 30 ದಿನಗಳೊಳಗೆ ಮೇಲಿನ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಕೊಡಬೇಕು. ಅಲ್ಲಿಯೂ ನ್ಯಾಯ ಸಿಗದಿದ್ದರೆ ಅದರ ಮೇಲೆ ಇನ್ನೊಂದು ಮೇಲ್ಮನವಿಗೆ ಅವಕಾಶವಿದೆ. ಕಾರಣ ಬರೆಯದ ಹಿಂಬರಹ ಬಂದಿದ್ದರೆ, 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕಡತದ ನಕಲನ್ನು ಕೇಳಿರಿ. ಅದಕ್ಕೂ 30 ದಿನಗಳ ಗಡುವಿದೆ. ನಕಲು ಬರಲಿ ಎಂದು ಮೇಲ್ಮನವಿಯನ್ನು ತಡಮಾಡಬೇಡಿ. ಎರಡನ್ನೂ ಒಟ್ಟಿಗೆ ಹಾಕಿರಿ.

ಮೂರನೆಯದು, ಶೇಕಡಾ ಲೆಕ್ಕ ತಪ್ಪೆಂದು ತೋರಿದರೆ ಅದಕ್ಕೂ ದಾರಿಯುಂಟು. 2016ರ ಅಧಿನಿಯಮದ 59ನೆಯ ಕಲಮಿನ ಪ್ರಕಾರ, ಪ್ರಮಾಣಪತ್ರ ಕೊಡುವ ಪ್ರಾಧಿಕಾರದ ತೀರ್ಮಾನದ ಮೇಲೆ ರಾಜ್ಯ ಸರಕಾರವು ಗೊತ್ತುಮಾಡಿದ ಪ್ರಾಧಿಕಾರಕ್ಕೆ ಮೇಲ್ಮನವಿ ಮಾಡಬಹುದು. ಡಾಕ್ಟರರು ಬರೆದ ಅಂಕೆಯೆಂದರೆ ಹಣೆಬರಹವಲ್ಲ. ಎಂಡೋಸಲ್ಫಾನ್ ಪೀಡಿತರಿಗೆ ಕಳೆದ ದಶಕದಲ್ಲಿ ಮಾಸಾಶನ ಗೊತ್ತುಮಾಡಿದಾಗ, ನೂರಕ್ಕೆ ಅರುವತ್ತರ ಮೇಲಿದ್ದವರಿಗೆ 3,000 ರೂಪಾಯಿ, ಇಪ್ಪತ್ತೈದರಿಂದ ಅರುವತ್ತರ ವರೆಗಿನವರಿಗೆ 1,500 ಎಂದು ಮಾಡಿದರು. ಒಂದು ಅಂಕದ ಆಚೆ ಈಚೆಗೆ ಅರ್ಧದಷ್ಟು ಅನ್ನ ಹೋಗುವುದಾದರೆ, ಆ ಒಂದು ಅಂಕವನ್ನು ಪ್ರಶ್ನಿಸುವುದು ಅಧಿಕಪ್ರಸಂಗವಾಗುವುದು ಹೇಗೆ?

ನಾಲ್ಕನೆಯದು, ಅದೇ ಅಧಿನಿಯಮದ 38ನೆಯ ಕಲಮು. ಹೆಚ್ಚಿನ ಆಸರೆ ಬೇಕೆನ್ನುವ, ನೂರಕ್ಕೆ ನಾಲ್ವತ್ತು ಅಥವಾ ಮೇಲಿನ ಅಂಗವಿಕಲತೆಯುಳ್ಳ ವ್ಯಕ್ತಿಯು ಅರ್ಜಿ ಹಾಕಬಹುದು ಎಂದು ಅದು ಹೇಳುತ್ತದೆ. ಅಷ್ಟೇ ಅಲ್ಲ, ಅವನ ಪರವಾಗಿ ಬೇರೆ ಯಾವನೇ ವ್ಯಕ್ತಿ ಅಥವಾ ಸಂಸ್ಥೆ ಅರ್ಜಿ ಹಾಕಬಹುದು ಎಂದೂ ಹೇಳುತ್ತದೆ. ಈ ಮಾತನ್ನು ಕಾರ್ಮಿಕ ಸಂಘದ ಗೆಳೆಯರು ಎರಡು ಸಲ ಓದಬೇಕು. ತಾಯಿ ಮಗುವನ್ನು ಬಿಟ್ಟು ಬರಲಾರಳು. ಸಂಘ ಹೋಗಬಹುದು. ಕಾನೂನೇ ಬಾಗಿಲನ್ನು ತೆರೆದಿಟ್ಟಿದೆ.

ಐದನೆಯದು, ಇವೆಲ್ಲ ದಾರಿಯೂ ಮುಚ್ಚಿದರೆ ರಾಜ್ಯದ ಅಂಗವಿಕಲರ ಆಯುಕ್ತರಿದ್ದಾರೆ. ಸಾಕ್ಷಿಗಳನ್ನು ಕರೆಸಲು, ಕಡತ ತರಿಸಲು ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಅವರು ಶಿಫಾರಸು ಮಾಡಿದರೆ ಇಲಾಖೆಯು ಮೂರು ತಿಂಗಳೊಳಗೆ ಏನು ಮಾಡಿದೆನೆಂದು ತಿಳಿಸಬೇಕು. ವಕೀಲರ ಫೀಸಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯಿದೆಯ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಅಂಗವಿಕಲರಿಗೆ, ಕಾರ್ಖಾನೆಯ ಕೂಲಿಗಾರರಿಗೆ ಧರ್ಮಾರ್ಥ ಕಾನೂನು ನೆರವು ಸಿಗಬೇಕು. ಪುತ್ತೂರಿನ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿರಿ.

ಇನ್ನು ಆಕ್ಷೇಪಗಳಿಗೆ ಉತ್ತರ. ‘ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದಲ್ಲ, ಮತ್ತೇನು?’ ಎನ್ನುವವರಿದ್ದಾರೆ. 2023ರಲ್ಲಿ ಬಂದ ಗೃಹಲಕ್ಷ್ಮಿಯು ಮನೆಯ ಯಜಮಾನಿಗೆ ಸಲ್ಲುವುದು. ಆಡಿ ನಲಿಯುವ ಮಕ್ಕಳ ತಾಯಿಗೂ ಅದು ಸಿಗುತ್ತದೆ. ಅದನ್ನು ತೋರಿಸಿ ಆರೈಕೆಯ ಭತ್ಯೆಯನ್ನು ತಪ್ಪಿಸುವುದು, ಬೋನಸ್ ಕೊಟ್ಟೆನೆಂದು ಕೂಲಿಯನ್ನು ಮುರಿದುಕೊಂಡಂತೆ. ‘ಎಲ್ಲರಿಗೂ ಕೊಟ್ಟರೆ ಸುಳ್ಳು ಅರ್ಜಿಗಳು ಬರುತ್ತವೆ’ ಎನ್ನುವವರಿದ್ದಾರೆ. ಕತ್ತೆತ್ತಲಾರದ ಮಗುವನ್ನು ಸುಳ್ಳೇ ತೋರಿಸುವುದು ಸಾಧ್ಯವೇ? ಅನುಮಾನವಿದ್ದರೆ ಅಧಿಕಾರಿಗಳು ಮನೆಗೆ ಬಂದು ಅರ್ಧ ದಿನ ಕುಳಿತು ನೋಡಲಿ. ‘ಖಜಾನೆಯಲ್ಲಿ ಹಣವಿಲ್ಲ’ ಎನ್ನುವವರಿಗೆ ನಾವು ಕೇಳುವುದಿಷ್ಟೆ: ಈ ಮಕ್ಕಳನ್ನೆಲ್ಲ ತಾಯಂದಿರು ನಾಳೆ ತಂದು ಸರಕಾರದ ಬಾಗಿಲಲ್ಲಿ ಬಿಟ್ಟರೆ, ಆಯಾಗಳು, ದಾದಿಯರು, ಕಟ್ಟಡ, ಊಟ ಎಂದು ತಿಂಗಳಿಗೆ ಎಷ್ಟು ಖರ್ಚು ಮಾಡುವಿರಿ? ಆ ಖರ್ಚನ್ನು ಇಂದು ಭರಿಸುತ್ತಿರುವವಳು ಬೀಡಿ ಕಟ್ಟುವ ಹೆಂಗಸು. ಹಾಗಾದರೆ ಸಾಲಗಾರರು ಯಾರು, ಸಾಲ ಕೊಟ್ಟವರು ಯಾರು?

ನಮ್ಮ ಗೆಳೆಯರಲ್ಲೇ ಕೆಲವರು, ‘ಅರ್ಜಿ ಬರೆಯುವುದು ಗುಮಾಸ್ತರ ಕೆಲಸ, ನಮ್ಮದು ಹೋರಾಟದ ಪಕ್ಷ’ ಎನ್ನುತ್ತಾರೆ. ಲೋಹಿಯಾರವರು ಗುದ್ದಲಿ, ಮತ, ಜೈಲು ಎಂಬ ಮೂರನ್ನು ಹೇಳಿದರು. ಗುದ್ದಲಿಯ ಕೆಲಸವೆಂದರೆ ಕಟ್ಟುವ ಕೆಲಸ. ಒಂದು ಮನೆಗೆ ಸಲ್ಲಬೇಕಾದುದನ್ನು ಸಲ್ಲಿಸುವಂತೆ ಕಾಗದಗಳನ್ನು ಕಟ್ಟಿ ಕೊಡುವುದೂ ಅದೇ ಸಾಲಿನದು. ಮೇಲ್ಮನವಿಗಳನ್ನು ನೂರಾಗಿ ಕಟ್ಟಿದರೆ ಅದೇ ಚಳವಳಿಯಾಗುತ್ತದೆ.

ಒಂಟಿಯಾಗಿ ಹೋದರೆ ಏನಾಗುತ್ತದೆಂಬುದಕ್ಕೆ ಕಬಕದಿಂದ ವಿಟ್ಲದ ದಾರಿ ಹಿಡಿದು ಗಡಿ ದಾಟಿದರೆ ಉದಾಹರಣೆಯಿದೆ. ಎಂಡೋಸಲ್ಫಾನ್ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿ 10ರಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಮೂರು ತಿಂಗಳು ಐದು ವರ್ಷವಾಯಿತು. ನ್ಯಾಯಾಂಗ ನಿಂದನೆಯ ದೂರು ಹೋದ ಮೇಲೆ, 2022ರ ಮೇ 13ರಂದು ಕೋರ್ಟು ನೋಡಿದಾಗ ಕಂಡದ್ದೇನು? ಪೀಡಿತರು 3,704 ಮಂದಿ. ಹಣ ಸಿಕ್ಕಿದ್ದು ಎಂಟು ಮಂದಿಗೆ, ದೂರು ಕೊಟ್ಟ ಆ ಎಂಟು ಮಂದಿಗೆ ಮಾತ್ರ. ಕೋರ್ಟು ಸರಕಾರವನ್ನು ಕಟುವಾಗಿ ಖಂಡಿಸಿ, ಆ ಎಂಟು ಮಂದಿಗೆ ತಲಾ 50,000 ರೂಪಾಯಿ ಖರ್ಚು ಕೊಡಿಸಿ, ಮುಖ್ಯ ಕಾರ್ಯದರ್ಶಿಯು ಪ್ರತಿ ತಿಂಗಳು ಸಭೆ ನಡೆಸಬೇಕೆಂದಿತು. ಇದರಿಂದ ಎರಡು ಪಾಠ ಕಲಿಯಬೇಕು. ಕೇಳಿದವರಿಗೆ ಸಿಕ್ಕಿತು, ಆದುದರಿಂದ ಕೇಳಬೇಕು. ಕೇಳಿದವರಿಗೆ ಮಾತ್ರ ಸಿಕ್ಕಿತು, ಆದುದರಿಂದ ಎಲ್ಲರೂ ಒಟ್ಟಾಗಿ ಕೇಳಬೇಕು.

ಕೇರಳವನ್ನು ಬೈಯುವಾಗ ಅಲ್ಲಿನ ಒಂದು ಒಳ್ಳೆಯದನ್ನೂ ಹೇಳಬೇಕು. ಹಾಸಿಗೆ ಹಿಡಿದವರನ್ನೂ ತೀವ್ರ ಬುದ್ಧಿಮಾಂದ್ಯವುಳ್ಳವರನ್ನೂ ಮನೆಯಲ್ಲಿ ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ಕೊಡುವ ‘ಆಶ್ವಾಸಕಿರಣಂ’ ಎಂಬ ಯೋಜನೆಯನ್ನು ಅವರು ನಮಗಿಂತ ಎಷ್ಟೋ ಮೊದಲೇ ತಂದರು. ಹಣ ಕಡಿಮೆ, ಬಾಕಿ ಉಳಿಸುತ್ತಾರೆಂಬ ದೂರೂ ಇದೆ. ಆದರೂ ನಾಲ್ಕು ಕಾಯಿಲೆಗಳ ಬೇಲಿಯನ್ನು ಅವರು ಹಾಕಲಿಲ್ಲ. ಅವರಿಗೆ ಸಾಧ್ಯವಾದುದು ನಮಗೆ ಏಕೆ ಸಾಧ್ಯವಾಗಬಾರದು?

ನಮ್ಮ ಬೇಡಿಕೆಗಳು ಸ್ಪಷ್ಟ. ಆರೈಕೆಯ ಭತ್ಯೆಗೆ ಕಾಯಿಲೆಯ ಹೆಸರಲ್ಲ, ಆಸರೆಯ ಅಗತ್ಯವೇ ಅಳತೆಯಾಗಬೇಕು. ಮಾಸಾಶನದಲ್ಲಿ ಕಾನೂನು ಹೇಳಿದ ನೂರಕ್ಕೆ ಇಪ್ಪತ್ತೈದರ ಹೆಚ್ಚಳ ಸಲ್ಲಬೇಕು. ಪ್ರತಿಯೊಂದು ಹಿಂಬರಹದಲ್ಲಿಯೂ ತಿರಸ್ಕಾರದ ಕಾರಣ, ಮೇಲ್ಮನವಿ ಸ್ವೀಕರಿಸುವ ಅಧಿಕಾರಿಯ ಹುದ್ದೆ ಮತ್ತು ಕೊನೆಯ ದಿನಾಂಕ ಇವುಗಳನ್ನು ತಿಳಿಗನ್ನಡದಲ್ಲಿ ಅಚ್ಚುಹಾಕಬೇಕು. ಎತ್ತಿಕೊಂಡು ತರಲಾಗದ ಮಕ್ಕಳನ್ನು ಪರೀಕ್ಷಿಸಲು ಡಾಕ್ಟರರು ಮನೆಗೆ ಬರಬೇಕು. ಕೊಕ್ಕಡ, ಕೊಯಿಲಗಳಲ್ಲಿರುವಂಥ ಪಾಲನಾ ಕೇಂದ್ರಗಳು ಎಂಡೋಸಲ್ಫಾನಿನ ಪಟ್ಟಿಯಲ್ಲಿಲ್ಲದ ಮಕ್ಕಳಿಗೂ ಸಿಗಬೇಕು. ತಾಯಿಗೆ ಹಗಲಿನಲ್ಲಿ ನಾಲ್ಕು ಗಂಟೆಯಾದರೂ ಕೈ ಬಿಡುವಾಗಬೇಕು.

ಇದನ್ನು ಸರಕಾರ ತಾನಾಗಿ ಮಾಡುವುದಿಲ್ಲ. ಪ್ರತಿಯೊಂದು ಮಿಲ್ಲಿನ, ಪ್ರತಿಯೊಂದು ಬೀಡಿ ಬ್ರಾಂಚಿನ ಸಂಘವೂ ತನ್ನ ಸದಸ್ಯರಲ್ಲಿ ಇಂಥ ಮಕ್ಕಳಿರುವ ಮನೆಗಳ ಪಟ್ಟಿಯೊಂದನ್ನು ಮಾಡಲಿ. ಪುತ್ತೂರಿನ ಸೋಮವಾರದ ಸಂತೆಗೆ ಹಳ್ಳಿಯವರೆಲ್ಲ ಬರುತ್ತಾರೆ. ವ್ಯಾಪಾರಿ ಬಾಂಧವರು ಅಂದು ಅಂಗಡಿಯ ಜಗಲಿಯಲ್ಲಿ ಒಂದು ಮೇಜಿಗೆ ಜಾಗ ಕೊಡಲಿ, ಓದು ಬರಹ ಬಲ್ಲ ತರುಣನೊಬ್ಬ ಅಲ್ಲಿ ಕುಳಿತು ಮೇಲ್ಮನವಿ ಬರೆದುಕೊಡಲಿ. ನಿಮ್ಮ ನೆರೆಕರೆಯಲ್ಲಿ ಹಿಂಬರಹ ಬಂದು ಸುಮ್ಮನಾದ ಮನೆಯಿದ್ದರೆ ಈ ವಾರವೇ ಹೋಗಿ ಕಾಗದವನ್ನು ಕೇಳಿ ನೋಡಿರಿ. ತಾರೀಕನ್ನು ಓದಿರಿ, ಮೂವತ್ತು ದಿನಗಳನ್ನು ಎಣಿಸಿರಿ. ದಿನ ಉಳಿದಿದ್ದರೆ ಇಂದೇ ಮೇಲ್ಮನವಿ ಬರೆಯಿರಿ. ಮೀರಿದ್ದರೆ ಹೊಸ ಅರ್ಜಿಯನ್ನು ಹಾಕಿರಿ; ಹಾಕಬಾರದೆಂದು ಯಾವ ಕಾನೂನೂ ಹೇಳಿಲ್ಲ.